ಆ 3,500 ರೂಪಾಯಿ ಯಾರ ಸಂಬಳದ್ದು?

ಪ್ರಶ್ನೆ: ನಾನು ಮೈಸೂರಿನ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ವಯಸ್ಸು 38. ಸಂಬಳ 24,000. ನಮ್ಮ ಮನೆಯವರಿಗೆ 32,000 ಬರುತ್ತದೆ. ಮಗ ಆರನೇ ಕ್ಲಾಸು. ಅತ್ತೆಗೆ 71 ವರ್ಷ, ಮಂಡಿನೋವು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಸಿಂಕ್ ಖಾಲಿ ಮಾಡಿ ಮಲಗುವಾಗ ಹನ್ನೊಂದು. ಆರು ತಿಂಗಳಿಂದ ಸೊಂಟನೋವು. ಪಕ್ಕದ ಮನೆಗೆ ಬರುವ ಕೆಲಸದಾಕೆ ಪಾತ್ರೆ ತೊಳೆದು, ಕಸ ಗುಡಿಸಿ ಒರೆಸಲು ತಿಂಗಳಿಗೆ 3,500 ಕೇಳಿದ್ದಾರೆ. ಬರುವುದು ಬೆಳಿಗ್ಗೆ ಹತ್ತಕ್ಕಂತೆ. ಮನೆಯವರು ‘ವರ್ಷಕ್ಕೆ 42,000 ಆಯ್ತು, ನಿನ್ನ ಸಂಬಳದಲ್ಲಿ ಇನ್ನೇನು ಉಳಿಯುತ್ತೆ?’ ಅಂತಾರೆ. ಅತ್ತೆ ‘ನಾವು ಎಂಟು ಜನರ ಸಂಸಾರ ಮಾಡಿದ್ವಿ, ಯಾರನ್ನೂ ಇಟ್ಕೊಳ್ಳಲಿಲ್ಲ’ ಅಂತಾರೆ. ಸುಸ್ತಾದ ದಿನ ಹೊರಗಿನಿಂದ ಊಟ ತರಿಸುತ್ತೇವೆ, ವಾರಕ್ಕೆ ಎರಡು ಸಲವಾದರೂ. ಅದಕ್ಕೂ ಮಾತು ಕೇಳಬೇಕು. ಇದು ನನ್ನ ಸೋಮಾರಿತನವಾ? ಇಷ್ಟು ದುಡ್ಡು ಕೊಡುವುದು ಸರೀನಾ?
– ಹೆಸರು ಬೇಡ, ಮೈಸೂರು

ಉತ್ತರ: ಇಟ್ಟುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮ ಸೊಂಟದ ವಿಷಯ. ಆರು ತಿಂಗಳ ನೋವನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಈ ವಾರವೇ ಡಾಕ್ಟರಿಗೆ ತೋರಿಸಿ. ಕೆಲಸ ಕಡಿಮೆಯಾದರೆ ತಾನೇ ಹೋಗುತ್ತದೆ ಅಂತ ನೀವೇ ತೀರ್ಮಾನ ಮಾಡಬೇಡಿ. ಮತ್ತೆ, ನೀವು ಸೋಮಾರಿಯಲ್ಲ. ಐದಕ್ಕೆ ಎದ್ದು ಹನ್ನೊಂದಕ್ಕೆ ಮಲಗುವವರ ಮನಸ್ಸಿಗೆ ಆ ಅನುಮಾನ ಬಂದಿದೆಯಲ್ಲ ಅಂತ ನನಗೆ ಸಂಕಟವಾಯಿತು.

ಇನ್ನು ದುಡ್ಡು. ನಿಮ್ಮ ಮನೆಯವರು ಆ 3,500ನ್ನು ನಿಮ್ಮ 24,000ದಿಂದ ಕಳೆಯುತ್ತಿದ್ದಾರೆ. ಲೆಕ್ಕ ತಪ್ಪಿರುವುದು ಅಲ್ಲೇ. ಆ ತಟ್ಟೆಗಳಲ್ಲಿ ಉಣ್ಣುವವರು ನಾಲ್ಕು ಜನ. ಆ ನೆಲದ ಮೇಲೆ ಓಡಾಡುವವರೂ ನಾಲ್ಕು ಜನ. ಹಾಲು, ಕರೆಂಟ್ ಬಿಲ್ಲು, ಗ್ಯಾಸ್ ಇವೆಲ್ಲ ಮನೆಯ ಖರ್ಚಾದರೆ ಇದೂ ಮನೆಯ ಖರ್ಚೇ. ಇಬ್ಬರ ಸಂಬಳ ಸೇರಿದರೆ 56,000. ಅದರಲ್ಲಿ 3,500 ಅಂದರೆ ನೂರಕ್ಕೆ 6 ರೂಪಾಯಿ ಚಿಲ್ಲರೆ. ನಿಮ್ಮೊಬ್ಬರ ಸಂಬಳದಿಂದ ಕಳೆದರೆ ಅದೇ ದುಡ್ಡು ನೂರಕ್ಕೆ 14ನ್ನೂ ದಾಟುತ್ತದೆ. ಹೀಗೆ ಕಳೆಯುತ್ತಾ ಹೋದ ಎಷ್ಟೋ ಮನೆಗಳಲ್ಲಿ ಹೆಂಡತಿ ಕೊನೆಗೆ ‘ನಾನು ಕೆಲಸಾನೇ ಬಿಟ್ಟುಬಿಡ್ಲಾ’ ಅನ್ನುವಲ್ಲಿಗೆ ಬರುತ್ತಾಳೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಖರ್ಚು ಇಲ್ಲ ಅಂತ ನಾನು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ನಿಮ್ಮ ಮನೆಯವರ 42,000 ಕಡಿಮೆಯೇ ಆಯಿತು. ದಸರೆಗೋ ದೀಪಾವಳಿಗೋ ಒಂದು ತಿಂಗಳ ಸಂಬಳ ಜಾಸ್ತಿ ಕೊಡಬೇಕು. ಅಲ್ಲಿಗೆ 45,500. ವರ್ಷ ತುಂಬಿದ ಮೇಲೆ ಸಂಬಳ ಏರಿಸಬೇಕು. ಮಕ್ಕಳ ಫೀಸಿಗೋ ಆಸ್ಪತ್ರೆಗೋ ಆಕೆ ಮುಂಗಡ ಕೇಳುವ ದಿನವೂ ಬರುತ್ತದೆ. ಇದೆಲ್ಲ ಗೊತ್ತಿದ್ದೇ ಹೂಂ ಅನ್ನಿ. ಹೊರಗಿನ ಊಟಕ್ಕೆ ಒಂದು ಸಲಕ್ಕೆ 350 ಅಂದುಕೊಂಡರೂ ತಿಂಗಳಿಗೆ 2,800 ಹೋಗುತ್ತಿದೆ. ಅದು ಪೂರ್ತಿ ನಿಲ್ಲುತ್ತದೆ ಅಂತ ಮನೆಯಲ್ಲಿ ಮಾತು ಕೊಡಬೇಡಿ, ಆಮೇಲೆ ನಿಮ್ಮ ಕುತ್ತಿಗೆಗೇ ಬರುತ್ತದೆ. ಅರ್ಧ ನಿಂತರೂ 1,400 ಉಳಿಯಿತಲ್ಲ.

ಉಳಿದ ಟೈಮಲ್ಲಿ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿದರೆ ಕೆಲಸದಾಕೆಯ ದುಡ್ಡು ಹುಟ್ಟುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಈ ದುಡ್ಡು ನಿಮ್ಮ ಮೈಗೆ ಬಿಡುವು ಸಿಗಲಿ ಅಂತ ಕೊಡುತ್ತಿರುವುದು. ಆ ಬಿಡುವನ್ನೂ ಮಾರಿದರೆ ಸೊಂಟ ಇದ್ದ ಹಾಗೇ ಇರುತ್ತದೆ.

ನಿಮ್ಮ ಪತ್ರದಲ್ಲಿ ನಾನು ಹುಡುಕಿದ್ದು ಇನ್ನೊಂದಿತ್ತು. ಮನೆಯವರು ಮನೆಯಲ್ಲಿ ಏನು ಕೆಲಸ ಮಾಡುತ್ತಾರೆ? ಒಂದು ಸಾಲೂ ಸಿಗಲಿಲ್ಲ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿತು. ಮನೆಕೆಲಸಕ್ಕೆ ಕೈ ಹಾಕುವವರನ್ನಷ್ಟೇ ತೆಗೆದುಕೊಂಡರೂ ಹೆಂಗಸರದು ದಿನಕ್ಕೆ 289 ನಿಮಿಷ, ಗಂಡಸರದು 88 ನಿಮಿಷ ಅಂತ ಅದರಲ್ಲಿ ಬಂದಿದೆ. ಹತ್ತಿರ ಹತ್ತಿರ ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆ ಇನ್ನೊಂದು ಕಡೆ. ಕೆಲಸದವರು ಬಂದ ಮೇಲೂ ಅಡುಗೆ, ಬಟ್ಟೆ, ಬೆಳಗಿನ ಡಬ್ಬಿ, ಹೋಂವರ್ಕ್, ಅತ್ತೆಯ ಮಾತ್ರೆ ಎಲ್ಲ ನಿಮ್ಮ ತಲೆ ಮೇಲೇ ಇರುತ್ತವೆ. ಹಾಗಾಗಿ ಆಕೆಗೆ ಹೂಂ ಅನ್ನುವ ಮುಂಚೆಯೇ ಮನೆಯವರ ಜೊತೆ ಒಂದು ಮಾತು ಗಟ್ಟಿ ಮಾಡಿಕೊಳ್ಳಿ. ರಾತ್ರಿ ಊಟ ಮುಗಿದ ಮೇಲಿನ ಅಡುಗೆಮನೆ ಅವರದು. ಆರನೇ ಕ್ಲಾಸಿನ ಹುಡುಗ ತನ್ನ ತಟ್ಟೆ ತಾನೇ ತೊಳೆಯಬಹುದು, ಒಣಗಿದ ಬಟ್ಟೆ ಮಡಚಬಹುದು. ಅವನಿಗೂ ಒಳ್ಳೆಯದು.

ರಾತ್ರಿಯ ಅಡುಗೆಮನೆ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ ನಿಜವಾದ ತೊಡಕು ಅಲ್ಲಿದೆ. ಆಕೆ ಬರುವುದು ಬೆಳಿಗ್ಗೆ ಹತ್ತಕ್ಕೆ, ನಿಮಗೆ ಉಸಿರು ಕಟ್ಟುವುದು ರಾತ್ರಿ ಒಂಬತ್ತಕ್ಕೆ. ರಾತ್ರಿಯ ಪಾತ್ರೆ ಬೆಳಿಗ್ಗೆವರೆಗೆ ಇರಬಾರದು ಅಂತ ನೀವೇ ತೊಳೆದುಬಿಟ್ಟರೆ ಆಕೆಗೆ ಉಳಿಯುವುದು ಬೆಳಗಿನ ನಾಲ್ಕು ತಟ್ಟೆ, ಕಾಫಿ ಲೋಟ. ಜಿಡ್ಡಿನ ಬಾಣಲೆ, ಕುಕ್ಕರ್ ನಿಮ್ಮ ಪಾಲಿಗೇ. ದುಡ್ಡು ಕೊಟ್ಟೂ ಹನ್ನೊಂದಕ್ಕೇ ಮಲಗುತ್ತೀರಿ. ಆಗ ನಿಮ್ಮ ಮನೆಯವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇರುತ್ತದೆ.

ಅತ್ತೆ ‘ಮುಸುರೆ ಇಟ್ಟು ಮಲಗಿದ್ರೆ ಮನೇಲಿ ಲಕ್ಷ್ಮಿ ನಿಲ್ಲಲ್ಲ’ ಅನ್ನಬಹುದು. ಆ ನಂಬಿಕೆಯ ಜೊತೆ ಜಗಳ ಬೇಡ. ಎಂಜಲು ತೆಗೆದು, ಪಾತ್ರೆಗೆ ಒಂದು ಸಲ ನೀರಾಡಿಸಿ, ಬುಟ್ಟಿಗೆ ಹಾಕಿ ಹಿತ್ತಲ ಕಡೆಗೋ ಬಾಲ್ಕನಿಗೋ ಸಾಗಿಸಿದರಾಯಿತು. ಒಲೆ ಕಟ್ಟೆ ಒರೆಸಿರುತ್ತದೆ, ಸಿಂಕ್ ಖಾಲಿ ಇರುತ್ತದೆ. ಜಿರಳೆಯ ಕಾಟವೂ ಕಡಿಮೆ. ಹತ್ತು ಹದಿನೈದು ನಿಮಿಷದ ಕೆಲಸ, ಮನೆಯವರು ಮಾಡಲಿ. ಬೆಳಿಗ್ಗೆ ಐದಕ್ಕೆ ಕುಕ್ಕರ್ ಬೇಕೇ ಬೇಕು ಅಲ್ವಾ? ಅದೊಂದನ್ನು ರಾತ್ರಿಯೇ ತೊಳೆದಿಡಿ. ಇಲ್ಲವೇ ಇನ್ನೊಂದು ಚಿಕ್ಕ ಕುಕ್ಕರ್ ತನ್ನಿ.

ಹತ್ತು ಗಂಟೆಗೆ ಬಾಗಿಲು ತೆಗೆಯುವವರೂ ಅತ್ತೆಯೇ. ಅವರಿಗೆ ಇಷ್ಟವಿಲ್ಲದೆ ಈ ವ್ಯವಸ್ಥೆ ಒಂದು ತಿಂಗಳೂ ನಡೆಯುವುದಿಲ್ಲ. ‘ನಾವು ಯಾರನ್ನೂ ಇಟ್ಕೊಳ್ಳಲಿಲ್ಲ’ ಅನ್ನುವ ಮಾತಿಗೆ ಎದುರುತ್ತರ ಕೊಡಬೇಡಿ. ಒಂದು ಸಂಜೆ ಕಾಫಿ ಕೊಟ್ಟು ಹತ್ತಿರ ಕೂತು ಕೇಳಿ: ‘ಅತ್ತೆ, ಆಗ ಎಂಟು ಜನರ ಪಾತ್ರೆ ಯಾರು ಯಾರು ಸೇರಿ ತೊಳೀತಿದ್ರಿ?’ ನಾದಿನಿಯರಿದ್ದರು, ಓರಗಿತ್ತಿ ಇದ್ದರು ಅಂತ ಹೆಸರುಗಳು ಒಂದೊಂದಾಗಿ ಬರಬಹುದು. ಅಥವಾ ‘ಎಲ್ಲ ನಾನೊಬ್ಬಳೇ’ ಅನ್ನಬಹುದು. ಹಾಗಂದರೆ ಅವರ ಕಷ್ಟ ಪೂರ್ತಿ ಕೇಳಿಸಿಕೊಳ್ಳಿ. ಅಷ್ಟು ದುಡಿದದ್ದನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ನಿಮ್ಮ ಸುಸ್ತು ಅವರ ಕಿವಿಗೆ ‘ನೀವು ಮಾಡಿದ್ದೇನು ಮಹಾ’ ಅಂದ ಹಾಗೆ ಕೇಳುತ್ತಿರಬಹುದು.

ಬರುವ ಆಕೆಯ ಬಗ್ಗೆಯೂ ಹೇಳಲೇಬೇಕು. ನಿಮ್ಮ ಪತ್ರದಲ್ಲಿ ಆಕೆಯ ಬಗ್ಗೆ ಇರುವುದು ದುಡ್ಡು, ಟೈಮು ಎರಡೇ. ಆಕೆಯೂ ತನ್ನ ಮನೆಯ ಪಾತ್ರೆ ತೊಳೆದೇ ನಿಮ್ಮ ಮನೆಗೆ ಬರುತ್ತಾರೆ. ಮನೆಕೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಆದರೂ ಒಂದು ದಿನ ಬರದಿದ್ದರೆ ಸಂಬಳ ಹಿಡಿಯುವ ಮನೆಗಳು ಇವತ್ತಿಗೂ ಬೇಕಾದಷ್ಟಿವೆ. 3,500ಕ್ಕೆ ಚೌಕಾಸಿ ಮಾಡಬೇಡಿ. ತಿಂಗಳಿಗೆ ನಾಲ್ಕು ರಜೆ ಅಂತ ಮೊದಲೇ ಮಾತಾಡಿಕೊಳ್ಳಿ. ಹುಷಾರಿಲ್ಲದ ದಿನ ಅದರ ಮೇಲೆ. ಏಪ್ರಿಲ್, ಮೇ ಬಂದಾಗ ‘ನಾನೇ ಮನೇಲಿರ್ತೀನಿ, ಎರಡು ತಿಂಗಳು ಬೇಡ’ ಅಂತ ಹೇಳುವ ಆಸೆ ಆಗುತ್ತದೆ. ಹೇಳಬೇಡಿ. ಬೇಸಿಗೆ ರಜೆಗೆ ಸಂಬಳ ಕೊಡದ ಶಾಲೆಗಳ ಟೀಚರುಗಳು ಎಷ್ಟು ನೋಯುತ್ತಾರೆ ಅಂತ ನಿಮಗೆ ಗೊತ್ತಿರುತ್ತದೆ. ಆಕೆಯ ಮನೆಯ ಬಾಡಿಗೆ ಏಪ್ರಿಲ್‌ನಲ್ಲೂ ಕಟ್ಟಬೇಕು.

ಕಾಫಿ ಕೊಡುವುದಾದರೆ ನೀವೆಲ್ಲ ಕುಡಿಯುವ ಲೋಟದಲ್ಲೇ ಕೊಡಿ. ಆಕೆಗೆ ಬೇರೆ ಲೋಟ, ಬೇರೆ ತಟ್ಟೆ ಎತ್ತಿಡಬೇಕು ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ನೀವು ಗಟ್ಟಿಯಾಗಿ ಬೇಡ ಅನ್ನಿ. ಇದೊಂದರಲ್ಲಿ ರಾಜಿ ಬೇಡ. ಇದಕ್ಕೆ ಮನೆ ಒಪ್ಪದಿದ್ದರೆ ಆಕೆಯನ್ನು ಕರೆಯಲೇಬೇಡಿ. ನಿಮ್ಮ ಆಯಾಸ ಕಡಿಮೆ ಮಾಡಲು ಇನ್ನೊಬ್ಬ ಹೆಣ್ಣುಮಗಳ ಮರ್ಯಾದೆ ಕಳೆಯಬಾರದು.

ಅಡುಗೆಯವರ ಯೋಚನೆ ಈಗ ಬೇಡ. ಇದು ಮೂರು ತಿಂಗಳು ನಡೆಯಲಿ. ಸಂಬಳವನ್ನು ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಮನೆಯವರ ಅಕೌಂಟಿನಿಂದಲೇ ಹಾಕಿಸಿ. ನಿಮ್ಮ ಸಂಬಳದಿಂದ ಕಳೆಯುವ ಮಾತು ಆಗ ತಾನಾಗಿ ನಿಲ್ಲುತ್ತದೆ. ಮೂರು ತಿಂಗಳ ಮೇಲೂ ನಿಮಗೆ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲು ಆಗದಿದ್ದರೆ ಆಕೆಯನ್ನು ಬಿಡಿಸಬೇಡಿ. ರಾತ್ರಿಯ ಕೆಲಸ ಮತ್ತೆ ಯಾರ ಪಾಲಿಗೆ ಬಂದಿದೆ ಅಂತ ನೋಡಿ, ಮನೆಯವರನ್ನು ಕೂರಿಸಿಕೊಂಡು ಇನ್ನೊಮ್ಮೆ ಮಾತಾಡಿ. ಅವರು ಕೂತು ಮಾತಾಡಲೂ ಒಪ್ಪದಿದ್ದರೆ ನನಗೆ ಮತ್ತೆ ಬರೆಯಿರಿ.