ನಾಣ್ಯ ಸಿಕ್ಕಿತು, ವ್ಯಾಪಾರಿ ಎಲ್ಲಿ?

ನಮಸ್ಕಾರ.

ಹದಿಮೂರನೇ ಶತಮಾನದಲ್ಲಿ ಮಂಗೋಲರ ರಾಜಧಾನಿಯಾಗಿದ್ದ ಕಾರಕೋರಂ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಭಾಷೆಯೂ ಸಲೀಸಾಗಿದೆ. ಆದರೆ ಎರಡು ಸಾಲು ನನ್ನನ್ನು ಕೆಣಕಿಬಿಟ್ಟವು. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

'ಉತ್ಖನನದಲ್ಲಿ ಒಗೆದೈ ಖಾನನ ಅರಮನೆ ಸಿಕ್ಕಿದೆ' ಅಂದಿದ್ದೀರಿ, ಚೆಂಗಿಸ್ ಖಾನನ ಮಗನ ಅರಮನೆ. ಯಾರಿಗೆ ಸಿಕ್ಕಿತು? ಯಾವಾಗ? 1948–49ರಲ್ಲಿ ಅಲ್ಲಿ ಅಗೆಸಿದವರು ಸೋವಿಯತ್ ಪುರಾತತ್ವಜ್ಞ ಕಿಸೆಲ್ಯೋವ್. ಕಂಬಗಳಿದ್ದ ದೊಡ್ಡ ಕಟ್ಟಡದ ತಳ ಕಂಡಿತು, ಅರಮನೆ ಅಂದರು. ಮುಂದೆ ಜರ್ಮನ್ ಮತ್ತು ಮಂಗೋಲಿಯನ್ ತಂಡ ಅದೇ ಜಾಗವನ್ನು ಮತ್ತೆ ಅಗೆದು ನೋಡಿದರೆ ಅದು ಬೌದ್ಧ ದೇವಾಲಯ! ಅರಮನೆ ಪಕ್ಕದ ಎರ್ದೆನ್ ಝೂ ಮಠದ ಕೆಳಗಿರಬೇಕು ಎಂಬ ವಾದ ಈಗಿದೆ. ಇಂಥ ಪತ್ತೇದಾರಿ ಕಥೆ ಕೈಯಲ್ಲಿದ್ದೂ 'ಸಿಕ್ಕಿದೆ' ಅಂತ ಮುಗಿಸಿದರೆ ಹೊಟ್ಟೆ ಉರಿಯಲ್ವಾ?

ಇನ್ನೊಂದು: 'ಚೀನಾದ ನಾಣ್ಯಗಳು ಸಿಕ್ಕಿವೆ, ಆದ್ದರಿಂದ ಚೀನಾದ ವ್ಯಾಪಾರಿಗಳು ಬಂದಿದ್ದರು.' ಆ ನಾಣ್ಯಗಳಲ್ಲಿ ಎಷ್ಟೋ ಚೀನಾದ ಸಾಂಗ್ ರಾಜವಂಶದ ಕಾಲದವು, ಈ ಊರು ಹುಟ್ಟುವ ಮೊದಲೇ ಅಚ್ಚಾದವು. ಕೈಯಿಂದ ಕೈಗೆ ಓಡಾಡಿದವು. ತಂದವನು ವ್ಯಾಪಾರಿಯೋ, ಸೈನಿಕನೋ, ಸೆರೆ ಸಿಕ್ಕಿ ಬಂದ ಕುಶಲಕರ್ಮಿಯೋ? ನಾಣ್ಯ ಮಣ್ಣಿನ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಕುಲುಮೆಯ ಬೂದಿಯೋ ಅಂಗಡಿಯ ತಕ್ಕಡಿಯೋ, ಅದನ್ನು ಹೇಳಿ. ಇಲ್ಲದಿದ್ದರೆ ಸುಮ್ನೆ ಊಹೆ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬರು ಹಿರಿಯರಿದ್ದರು. 'ಆದ್ದರಿಂದ' ಕಂಡರೆ ಸಾಕು, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪ್ರತಿ ವಾಪಸ್ ಕೊಡುತ್ತಿದ್ದರು. ಯಾಕೆ ಸಾರ್ ಅಂತ ಕೇಳಲು ಹೋದರೆ ಟೀ ತರಿಸಿ ತಮ್ಮೂರಿನ ಮಳೆ ಸುದ್ದಿ ಶುರು ಮಾಡೋರು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಆಮೇಲೆ ಬರೆಯುವಾಗಲೇ ಆ ಕೆಂಪು ಸುತ್ತು ಕಣ್ಣಿಗೆ ಕಟ್ಟತೊಡಗಿತು.

ನಿಮ್ಮ ಕೊನೆಯ ಪುಟದಲ್ಲಿ ಒಂದು ಸಾಲು ಅಡಗಿ ಕೂತಿದೆ. 1254ರಲ್ಲಿ ಅಲ್ಲಿಗೆ ಹೋದ ಪಾದ್ರಿ, ರೂಬ್ರುಕ್‌ನ ವಿಲಿಯಂ, ಊರಿನ ನಾಲ್ಕು ಬಾಗಿಲ ಸಂತೆಯನ್ನು ಬರೆದಿಟ್ಟಿದ್ದಾನೆ: ಪೂರ್ವಕ್ಕೆ ಧಾನ್ಯ, ಅದೂ ಬರುವುದು ಅಪರೂಪ; ಪಶ್ಚಿಮಕ್ಕೆ ಕುರಿ, ಮೇಕೆ; ದಕ್ಷಿಣಕ್ಕೆ ಎತ್ತು, ಗಾಡಿ; ಉತ್ತರಕ್ಕೆ ಕುದುರೆ. ಲೇಖನ ಅಲ್ಲಿಂದ ಶುರುವಾಗಲಿ. ವ್ಯಾಪಾರದ ದಾರಿ ಅಂತ ನಿಮ್ಮ ನಕ್ಷೆಯ ಮೇಲೆ ಎಳೆದ ಬಾಣಗಳಲ್ಲಿ ಅರ್ಧ ಅಳಿಸಿ. ಉಳಿದವನ್ನು ಯಾಕೆ ಉಳಿಸಿಕೊಂಡಿರಿ ಅಂತ ಪಕ್ಕದಲ್ಲಿ ಬರೆದು ಮತ್ತೆ ಕಳಿಸಿ.