ಮಂಡ್ಯ ಸಕ್ಕರೆ ನಾಡಾಗಿದ್ದು ಯಾವಾಗ?

ನಮಸ್ಕಾರ. ಮಂಡ್ಯದಲ್ಲಿ ಕಬ್ಬು ರಾಜರ ಕಾಲದಿಂದಲೂ ಇತ್ತಾ, ಬೆಂಗಳೂರಿನಿಂದ ಒಂದು ದಿನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಏನು ತೋರಿಸಬಹುದು ಅಂತ ಕೇಳಿದ್ದೀರಿ.

ರಾಜರ ಕಾಲದ್ದೇ, ಆದರೆ ತೀರಾ ಹಳೆಯದಲ್ಲ. ಆ ಸೀಮೆಯ ಬಹುಪಾಲು ರಾಗಿ ಬೆಳೆಯುವ ಒಣ ಭೂಮಿಯಾಗಿತ್ತು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಆಮೇಲೆ ಇರ್ವಿನ್ ನಾಲೆಯಲ್ಲಿ ನೀರು ಬಂತು. ಇಂದಿನ ವಿಶ್ವೇಶ್ವರಯ್ಯ ನಾಲೆ ಅಂದರೆ ಅದೇ. ನೀರು ಬಂದ ಮೇಲೆ ಕಬ್ಬು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ. ಎಷ್ಟು ಬೇಗ ಬದಲಾಯಿತು ನೋಡಿ!

ಆ ಕಂಪನಿಯ ಕಾರ್ಖಾನೆ ಮಂಡ್ಯ ಊರಲ್ಲೇ ಯಾಕೆ ಅಂತ ಮಕ್ಕಳು ಕೇಳಬಹುದು. ಕಡಿದ ಕಬ್ಬನ್ನು ಬೇಗ ಅರೆಯಬೇಕು. ತಡವಾದಷ್ಟೂ ಸಕ್ಕರೆ ಅಂಶ ಇಳಿಯುತ್ತದೆ. ಅದಕ್ಕೇ ಗದ್ದೆ ಹತ್ತಿರವೇ ಇರಬೇಕು.

ಲೆಸ್ಲಿ ಕೋಲ್ಮನ್ ಹೆಸರನ್ನೂ ದಯವಿಟ್ಟು ಹೇಳಿಕೊಡಿ. ಕೆನಡಾದಿಂದ ಬಂದು ಮೈಸೂರಿನ ಕೃಷಿ ನಿರ್ದೇಶಕರಾಗಿ, ಈ ಕಾರ್ಖಾನೆಗೆ ದುಡಿದವರು. ವಿಶ್ವೇಶ್ವರಯ್ಯನವರು ಎಲ್ಲರಿಗೂ ಗೊತ್ತು, ಇವರು ಗೊತ್ತಿರುವುದು ಕಡಿಮೆ. ನನಗೆ ಅದು ಬೇಜಾರು.

ದಾರಿಯಲ್ಲಿ ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧ ಇದೆ. 1938ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಅಲ್ಲಿ ಕಾಂಗ್ರೆಸ್ ಧ್ವಜ ಹಾರಿಸಿದರು. ಅಲ್ಲಿ ಇಳಿಯಿರಿ. ಆಮೇಲೆ ಯಾವುದಾದರೂ ಆಲೆಮನೆಗೆ ಹೋಗಿ, ಕೊಪ್ಪರಿಗೆಯಲ್ಲಿ ಹಾಲು ಕುದಿಯುವುದನ್ನು ತೋರಿಸಿ. ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅಂತಲೇ ಕರೆಯುತ್ತಾರೆ. ಕೇಳಿದರೆ ಬಿಸಿ ಬೆಲ್ಲ ಕೈಗೆ ಹಾಕುತ್ತಾರೆ. ಬೆಳಗ್ಗೆ ಬೇಗ ಹೊರಡಿ.