ಕರಿಯ, ಚಿನ್ನಿ ಮತ್ತು 900 ಪುಸ್ತಕ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಹೆಂಡತಿ ತೀರಿಕೊಂಡು ಮೂರು ವರ್ಷ ಆಯ್ತು. ಬೆಳಿಗ್ಗೆ ಐದೂವರೆಗೆ ನನ್ನ ನಾಯಿಗಳು ಕರಿಯ, ಚಿನ್ನಿ ಇಬ್ಬರನ್ನೂ ತುಂಗೆಯ ದಡದವರೆಗೆ ಸುತ್ತಾಡಿಸಿಕೊಂಡು ಬರುತ್ತೇನೆ, ಆಮೇಲೆ ಕಾಫಿ, ಪೇಪರು, ಊಟದವರೆಗೆ ಓದು. ಎರಡೂ ಬೀದಿಯಿಂದ ತಂದು ಸಾಕಿದವು, ಕರಿಯನಿಗೆ ಈಗ 11 ವರ್ಷ. ಮಗಳು ಬೆಂಗಳೂರಿನ ತನ್ನ ಫ್ಲ್ಯಾಟಿಗೆ ಬಂದುಬಿಡಿ ಅನ್ನುತ್ತಾಳೆ. ಅಲ್ಲಿನ ಅಸೋಸಿಯೇಷನ್ನಿನವರು ನಾಯಿ ತರುವ ಹಾಗಿಲ್ಲ ಅಂದಿದ್ದಾರಂತೆ. 900 ಪುಸ್ತಕಕ್ಕೂ ಜಾಗವಿಲ್ಲ. ಎಲ್ಲವನ್ನೂ ಯಾರಿಗಾದರೂ ಕೊಟ್ಟು ಹೊರಡಲೇ?

ಉತ್ತರ: ಮೇಷ್ಟ್ರೇ, ಪುಸ್ತಕದ ಮಾತು ಆಮೇಲೆ. ನಾಯಿಗಳನ್ನು ಮಾತ್ರ ಕೊಡಬೇಡಿ. ಹನ್ನೊಂದು ವರ್ಷದ ನಾಯಿ ಹೊಸ ಯಜಮಾನನಿಗೆ ಒಗ್ಗುವುದು ತುಂಬಾ ಕಷ್ಟ, ನಿಮಗೂ ಆ ಐದೂವರೆ ಗಂಟೆಯ ಬೆಳಗು ಮತ್ತೆ ಸಿಗುವುದಿಲ್ಲ.

ಅಸೋಸಿಯೇಷನ್ನಿನವರು ಹಾಗೆ ಹೇಳಲು ಬರುವುದಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲೇ ಇದೆ: ನಿವಾಸಿಗಳಲ್ಲಿ ಜಾಸ್ತಿ ಜನ ಒಪ್ಪಿದರೂ ಸಾಕುನಾಯಿಯನ್ನು ನಿಷೇಧಿಸುವ ಹಾಗಿಲ್ಲ, ಲಿಫ್ಟಿಗೆ ಬಿಡುವುದಿಲ್ಲ ಅನ್ನುವ ಹಾಗೂ ಇಲ್ಲ. ಅದರ ಪ್ರತಿ ತೆಗೆಸಿ ಮಗಳ ಕೈಲಿ ಕೊಡಿಸಿ. ಜಗಳಕ್ಕೆ ಹೋಗಬೇಡಿ, ಅದೇ ಮನೆಯಲ್ಲಿ ಮಗಳು ದಿನಾ ಬದುಕಬೇಕಲ್ವಾ. ವರ್ಷಕ್ಕೊಮ್ಮೆಯ ರೇಬಿಸ್ ಲಸಿಕೆಯ ಕಾರ್ಡು ಜೊತೆಗಿರಲಿ, ಹೊರಗೆ ಹೊರಟರೆ ಕತ್ತಿಗೆ ಬೆಲ್ಟು, ನಿಮ್ಮ ಜೇಬಿನಲ್ಲಿ ಒಂದು ಹಳೇ ಪೇಪರು. ಗಲೀಜು ನೀವೇ ಎತ್ತಿದರೆ ಅರ್ಧ ವಿರೋಧ ಅಲ್ಲಿಗೇ ತಣ್ಣಗಾಗುತ್ತದೆ.

ಆದರೆ ಮನೆ ಖಾಲಿ ಮಾಡಿ ಹೊರಡಬೇಡಿ. ಮೊದಲು ಒಂದು ತಿಂಗಳು ಇದ್ದು ನೋಡಿ. ಲಿಫ್ಟು ಕಂಡರೆ ಮುದಿ ನಾಯಿ ಹೆದರುತ್ತದೆ, ಯಾರೂ ಇಲ್ಲದ ಹೊತ್ತಿನಲ್ಲಿ ಒಂದೊಂದೇ ಮಹಡಿ ಹತ್ತಿಸಿ ಇಳಿಸಿ ರೂಢಿ ಮಾಡಿಸಿ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ವಾಕಿಂಗ್ ಮುಗಿಸಿ, ಕಾದ ಟಾರು ರಸ್ತೆಗೆ ಅಂಗಾಲು ಸುಡುತ್ತದೆ.

ಇನ್ನು ಪುಸ್ತಕ. ಮತ್ತೆ ಓದುತ್ತೀರಿ ಅನ್ನಿಸಿದ್ದು, ನಿಮ್ಮ ಹೆಂಡತಿ ಗೀಟು ಹಾಕಿ ಓದಿದ್ದು, ಇಷ್ಟನ್ನು ಮೊದಲು ಬೇರೆ ಇಡಿ. ನೂರೋ ನೂರೈವತ್ತೋ ಆಗಬಹುದು, ಮಗಳ ಮನೆಯಲ್ಲಿ ಒಂದು ಗೋಡೆ ಸಾಕು. ಉಳಿದದ್ದನ್ನು ದಯವಿಟ್ಟು ರದ್ದಿಗೆ ತೂಕಕ್ಕೆ ಹಾಕಬೇಡಿ. ನೀವು ಪಾಠ ಮಾಡಿದ ಶಾಲೆಯಲ್ಲೇ ಕೇಳಿ. ಕೊಡುವಾಗ ಒಂದು ಪಟ್ಟಿ ಬರೆದು, ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತಲೂ ವಿಚಾರಿಸಿ, ಮಕ್ಕಳ ಕೈಗೆ ಸಿಗದೆ ಗೆದ್ದಲು ಹಿಡಿದ ಎಷ್ಟೋ ಪುಸ್ತಕಗಳನ್ನು ನಾನೇ ಕಂಡು ಸಂಕಟಪಟ್ಟಿದ್ದೇನೆ.

ಇನ್ನೊಂದು ಮಾತು. ನಾನು ಮನೆ ಬದಲಿಸಿದಾಗ ನನ್ನ ನಾಯಿ ಮೂರು ದಿನ ಅನ್ನ ಮುಟ್ಟಲಿಲ್ಲ. ಅದು ಮಲಗುತ್ತಿದ್ದ ಹಳೇ ಗೋಣಿಚೀಲವನ್ನು ತಂದು ಹಾಸಿದ ರಾತ್ರಿ ತಿಂದಿತು. ಕರಿಯ, ಚಿನ್ನಿಯ ಹಾಸಿಗೆಯನ್ನು ಒಗೆಯದೆ ಹಾಗೇ ತೆಗೆದುಕೊಂಡು ಹೋಗಿ.